ವಿಭೂತಿಯ ಕೆಳಗಿದ್ದ ಎಚ್ಚರಿಕೆ



ಅಮರೇಶ್ವರನ ದರ್ಶನಕ್ಕೆಂದು ಗುರುಗುಂಟಾಕ್ಕೆ ಹೋದಾಗಲೆಲ್ಲ ಅಲ್ಲಿಯ ಒಂದು ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಬರುವುದು ನಮ್ಮ ಬಹುಕಾಲದ ರೂಢಿ. ಆ ಮನೆಯ ಹಿರಿಯರು ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತರಾದವರು, ಮಿತಭಾಷಿಗಳು, ಕಾಯಕನಿಷ್ಠರು. ಈಚೆಗೆ ಅವರಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ದಿನಕ್ಕೆ ಅರ್ಧ ತಾಸಾದರೂ ನಡೆಯಬೇಕೆಂದು ವೈದ್ಯರು ಹೇಳಿದರು. ಆದರೆ ರಾಯಚೂರು ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಗೊತ್ತು, ಬೆಳಗಿನ ಎಂಟು ಗಂಟೆಯ ಬಿಸಿಲೇ ಮನುಷ್ಯನನ್ನು ಮನೆಗೆ ಅಟ್ಟುತ್ತದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ತಂದೆಯ ಮೇಲಿನ ಅಕ್ಕರೆಯಿಂದ ಒಂದು ನಡೆಯುವ ಯಂತ್ರವನ್ನು, ಎಲ್ಲರೂ ಟ್ರೆಡ್‌ಮಿಲ್ ಎಂದು ಕರೆಯುವ ಯಂತ್ರವನ್ನು, ಕೊಂಡು ಕಳಿಸಿದ.

ಮಹಾನವಮಿಯ ಮರುವಾರ ನಾವು ಹೋದಾಗ ಪಡಸಾಲೆಯಲ್ಲಿ ಅದು ವಿರಾಜಮಾನವಾಗಿತ್ತು. ಆಯುಧಪೂಜೆಯಂದು ಕಟ್ಟಿದ ಚೆಂಡು ಹೂವಿನ ಮಾಲೆ ಬಾಡಿ ಇನ್ನೂ ಜೋತಾಡುತ್ತಿತ್ತು. ಹಿಡಿಕೆಯ ಕೆಳಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಒಂದು ಬದಿಯ ಹಿಡಿಕೆಯ ಮೇಲೆ ಒಣಗಲು ಹಾಕಿದ ಟವೆಲ್ಲು. ಯಂತ್ರದ ಬೆನ್ನು ಗೋಡೆಗೆ ಒಂದು ಗೇಣಿನಷ್ಟು ಹತ್ತಿರ. ನಾವು ಕುತೂಹಲದಿಂದ ಕೇಳಿದ್ದಕ್ಕೆ ಹಿರಿಯರು ಧೋತರವನ್ನು ಮೇಲೆತ್ತಿ ಕಟ್ಟಿ, ಬರಿಗಾಲಲ್ಲಿ ಅದನ್ನೇರಿ ನಡೆದು ತೋರಿಸತೊಡಗಿದರು.

ಆಗ ನಡೆದದ್ದು ಇಷ್ಟು. ನಾಲ್ಕು ವರ್ಷದ ಮೊಮ್ಮಗಳು ಆಡುತ್ತಿದ್ದ ರಬ್ಬರ್ ಚೆಂಡು ಉರುಳಿ ಯಂತ್ರದ ಹಿಂಬದಿಗೆ ಸೇರಿತು. ಓಡುತ್ತಿದ್ದ ಪಟ್ಟಿ ಅದನ್ನು ಕೆಳಕ್ಕೆ ಎಳೆದುಕೊಂಡು ಅರ್ಧ ನುಂಗಿ ದಡದಡ ಸದ್ದು ಮಾಡತೊಡಗಿತು. ಮಗು ಚೆಂಡು ತೆಗೆಯಲು ಅಂಬೆಗಾಲಿಟ್ಟು ಗೋಡೆಯ ಸಂದಿಗೆ ನುಸುಳಿ ಕೈ ಚಾಚಿತು. ಹಿರಿಯರಿಗೆ ಅದು ಕಾಣುವಂತಿರಲಿಲ್ಲ, ಅವರ ಬೆನ್ನು ಆ ಕಡೆಗಿತ್ತು. ನಾವು ಎರಡು ಹೆಜ್ಜೆ ದೂರದಲ್ಲಿದ್ದರೂ ಕೂಗಿದೆವೇ ಹೊರತು ಎದ್ದು ಮುಟ್ಟಲಾಗಲಿಲ್ಲ. ಅರವತ್ತು ದಾಟಿದ ಮೊಣಕಾಲುಗಳು ಮನಸ್ಸಿನ ಆಜ್ಞೆಯನ್ನು ತಡವಾಗಿ ಪಾಲಿಸುತ್ತವೆ. ಅಡುಗೆಮನೆಯಿಂದ ಬರುತ್ತಿದ್ದ ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ಎಸೆದು ಮಗುವಿನ ಲಂಗ ಹಿಡಿದು ಹಿಂದಕ್ಕೆ ಎಳೆದುಬಿಟ್ಟಳು.

ಯಂತ್ರ ನಿಲ್ಲಿಸಿದ ಮೇಲೆ ಆ ಚೆಂಡನ್ನು ಹೊರತೆಗೆದು ಕೈಯಲ್ಲಿ ಹಿಡಿದು ನೋಡಿದೆವು. ಒಂದು ಮಗ್ಗುಲು ಸಾಣೆ ಹಿಡಿದಂತೆ ಸವೆದು ಒಳಗಿನ ಪದರ ಕಾಣುತ್ತಿತ್ತು. ಸುಟ್ಟ ರಬ್ಬರಿನ ವಾಸನೆ. ಮನೆಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಮೊದಲು ಮಾತಾಡಿದವರು ಆ ಸೊಸೆಯೇ. “ಅಯ್ಯನವರ, ಈ ವಿಭೂತಿ ಕೆಳಗ ಏನೋ ಹಳದಿ ಚೀಟಿ ಐತ್ರಿ, ಏನ್ ಬರದಾರೋ ನೋಡ್ರಿ” ಎಂದಳು. ಒದ್ದೆ ಬಟ್ಟೆಯಿಂದ ಒರೆಸಿದೆವು. ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಉರುಳೆಗೆ ಸಿಕ್ಕ ಒಂದು ಕೈಯ ಚಿತ್ರ, ಕೆಳಗೆ ಎಂಟು ಹತ್ತು ಸಾಲು ಸಣ್ಣಕ್ಷರದ ಇಂಗ್ಲಿಷು. ಮಠದ ಪಾಠಶಾಲೆಯಲ್ಲಿ ಕಲಿತ ನಮ್ಮ ಇಂಗ್ಲಿಷ್ ಜ್ಞಾನ ಇಂಥ ಕಡೆ ಬೇಗ ಬರಿದಾಗುತ್ತದೆ. ಕಾಲೇಜಿಗೆ ಹೋಗುವ ಪಕ್ಕದ ಮನೆಯ ಹುಡುಗಿಯನ್ನು ಕರೆಸಿ ಓದಿಸಿದೆವು. ಆ ಚಿತ್ರದಲ್ಲಿದ್ದ ಕೈ ಆ ದಿನ ನಮ್ಮ ಕಣ್ಣೆದುರಿಗೆ ನಿಜವಾಗುವುದರಲ್ಲಿತ್ತು.

ಪೂಜೆ ಮಾಡಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಉಪಕರಣವನ್ನು ಗೌರವಿಸುವುದು ಕಾಯಕದ ನಾಡಿನ ಸಂಸ್ಕಾರ. ವಿಭೂತಿಗೆ ಬೇರೆ ಜಾಗ ಸಿಗುತ್ತಿತ್ತು, ಅಷ್ಟೆ.

ಇಂಥ ಚೀಟಿಗಳು ತಯಾರಕರ ಕಲ್ಪನೆಯಿಂದ ಹುಟ್ಟಿದವಲ್ಲ. ಅಲ್ಲಿಯ ಬಹುತೇಕ ಸಾಲುಗಳ ಹಿಂದೆ ಎಲ್ಲೋ ಯಾರೋ ಅನುಭವಿಸಿದ ನೋವಿದೆ. 2009ರ ಮೇ ತಿಂಗಳಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಪ್ರಸಿದ್ಧ ಬಾಕ್ಸರ್ ಮೈಕ್ ಟೈಸನ್ ಅವರ ನಾಲ್ಕು ವರ್ಷದ ಮಗಳು ಮನೆಯ ಟ್ರೆಡ್‌ಮಿಲ್ಲಿನಿಂದ ಜೋತುಬಿದ್ದಿದ್ದ ದಾರ ಕೊರಳಿಗೆ ಸಿಕ್ಕಿ ತೀರಿಕೊಂಡಳು. ಅಂದು ಯಂತ್ರ ಓಡುತ್ತಿರಲೂ ಇಲ್ಲ. ಅದೇ ದೇಶದಲ್ಲಿ ಪೆಲೋಟನ್ ಎಂಬ ಕಂಪನಿಯ ದುಬಾರಿ ಟ್ರೆಡ್‌ಮಿಲ್ ಒಂದರ ಹಿಂಬದಿಗೆ ಮಕ್ಕಳು, ಸಾಕುಪ್ರಾಣಿಗಳು, ಚೆಂಡುಗಳು ಸೆಳೆದುಕೊಂಡು ಹೋಗುತ್ತಿವೆಯೆಂದು 2021ರ ಏಪ್ರಿಲ್‌ನಲ್ಲಿ ಅಲ್ಲಿಯ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಸಾರ್ವಜನಿಕರನ್ನು ಎಚ್ಚರಿಸಿತು. ಕಂಪನಿ ಮೊದಲು ಅದನ್ನು ಒಪ್ಪಲಿಲ್ಲ. ಸೂಚನೆಗಳನ್ನು ಪಾಲಿಸಿದರೆ ಅಪಾಯವಿಲ್ಲ ಎಂಬುದು ಅದರ ವಾದ. ಮೇ 5ರಂದು ಸುಮಾರು 1,25,000 ಯಂತ್ರಗಳನ್ನು ಹಿಂಪಡೆಯಲು ಒಪ್ಪಿತು, ಮುಖ್ಯಸ್ಥರು ಕ್ಷಮೆ ಕೇಳಿದರು. ಆ ಹೊತ್ತಿಗೆ ಬಂದಿದ್ದ ದೂರುಗಳು 72. ಅವುಗಳಲ್ಲಿ 29 ಮಕ್ಕಳಿಗೆ ಆದ ಗಾಯಗಳವು. ಆರು ವರ್ಷದ ಒಂದು ಮಗು ಜೀವ ಕಳೆದುಕೊಂಡಿತ್ತು. ಅಪಾಯವನ್ನು ತಿಳಿದೂ ಕೂಡಲೇ ವರದಿ ಮಾಡಲಿಲ್ಲವೆಂಬುದೂ ಸೇರಿದ ಆರೋಪಗಳ ಮೇಲೆ 2023ರ ಜನವರಿಯಲ್ಲಿ ಕಂಪನಿ 1.9 ಕೋಟಿ ಡಾಲರಿಗೂ ಹೆಚ್ಚು ದಂಡ ತೆರಲು ಒಪ್ಪಿಕೊಂಡಿತು.

ಚೀಟಿ ಅಂಟಿಸಿದೊಡನೆ ತಯಾರಕನ ಹೊಣೆ ತೀರುವುದಿಲ್ಲ ಎಂಬುದು ಆ ಪ್ರಕರಣದಲ್ಲಿ ಕಾಣುತ್ತದೆ. ಆದರೆ ಆ ಮಾತು ಹಿಡಿದು ಚೀಟಿಯನ್ನು ಓದದೆ ಬಿಡಲು ನಮಗೆ ಅಧಿಕಾರವಿಲ್ಲ. ತಯಾರಕನ ಹೊಣೆಯ ತೀರ್ಮಾನ ನ್ಯಾಯಾಲಯದಲ್ಲಿ, ವರ್ಷಗಳ ಮೇಲೆ ಆಗುತ್ತದೆ. ಮಗುವಿನ ಕೈ ನಮ್ಮ ಪಡಸಾಲೆಯಲ್ಲಿರುತ್ತದೆ.

ಹುಡುಗಿ ಓದುತ್ತಿದ್ದಾಗ ನಮ್ಮ ಗಮನ ಸೆಳೆದದ್ದು ಒಂದು ಶಬ್ದಸೂಕ್ಷ್ಮ. ಆ ಚೀಟಿಗಳಲ್ಲಿ ಡೇಂಜರ್, ವಾರ್ನಿಂಗ್, ಕಾಶನ್ ಎಂಬ ಮೂರು ಶಬ್ದಗಳು ಬರುತ್ತವೆ. ಕನ್ನಡದಲ್ಲಿ ಹೇಳುವಾಗ ನಾವು ಮೂರಕ್ಕೂ ‘ಎಚ್ಚರಿಕೆ’ ಎಂದುಬಿಡುತ್ತೇವೆ. ಆದರೆ ಅವು ಪರ್ಯಾಯಪದಗಳಲ್ಲ. ಕೆಂಪು ಬಣ್ಣದ ಡೇಂಜರ್ ಎಂದರೆ ಸೂಚನೆ ಮೀರಿದವನಿಗೆ ಸಾವು ಅಥವಾ ಘೋರ ಗಾಯ ತಪ್ಪದು; ಕಿತ್ತಳೆ ಬಣ್ಣದ ವಾರ್ನಿಂಗ್ ಎಂದರೆ ಸಾವು ಅಥವಾ ಘೋರ ಗಾಯ ಆಗಬಹುದು; ಹಳದಿಯ ಕಾಶನ್ ಎಂದರೆ ಸಣ್ಣ ಅಥವಾ ಸಾಧಾರಣ ಗಾಯ ಆಗಬಹುದು. ಅಮೆರಿಕದ ಮಾನಕ ಹಾಕಿಕೊಟ್ಟ ಕ್ರಮವಿದು. ಬಣ್ಣದ ನಿಯಮವನ್ನು ಎಲ್ಲ ತಯಾರಕರೂ ಪಾಲಿಸುವುದಿಲ್ಲ. ಈ ಮನೆಯ ಚೀಟಿಯೇ ಹಳದಿಯಾಗಿದ್ದರೂ ಅದರ ಮೇಲಿದ್ದ ಶಬ್ದ ವಾರ್ನಿಂಗ್. ಆದ್ದರಿಂದ ಬಣ್ಣಕ್ಕಿಂತ ಶಬ್ದವನ್ನು ನಂಬಬೇಕು. ಕನ್ನಡದಲ್ಲಿ ಇವಕ್ಕೆ ಅನುಕ್ರಮವಾಗಿ ‘ಪ್ರಾಣಾಪಾಯ’, ‘ಎಚ್ಚರಿಕೆ’, ‘ಜಾಗ್ರತೆ’ ಎಂದು ಬಳಸಿದರೆ ಭೇದ ಉಳಿದೀತೆಂದು ನಮಗನ್ನಿಸುತ್ತದೆ. ಬಲ್ಲವರು ಇದಕ್ಕಿಂತ ಒಳ್ಳೆಯದನ್ನು ಸೂಚಿಸಲಿ.

ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಸೂಚನೆ ಇರಬೇಕೆಂಬುದನ್ನು ನಮ್ಮ ಕಾನೂನು ಎಂದೋ ಒಪ್ಪಿದೆ. 1948ರ ಕಾರ್ಖಾನೆ ಅಧಿನಿಯಮದ 108ನೆಯ ಕಲಮು, ಪ್ರಕಟಣೆಗಳು ಇಂಗ್ಲಿಷಿನಲ್ಲೂ ಅಲ್ಲಿಯ ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ವಿಧಿಸಿತ್ತು. ಮನೆ ಕಾರ್ಖಾನೆಯಲ್ಲವಷ್ಟೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕನ್ನಡದ ಬಳಕೆಯನ್ನು ಕೇಳುವುದು ಕರ್ನಾಟಕದಲ್ಲೇ ತಯಾರಾದ ಸರಕಿನ ಹೆಸರು ಹಾಗೂ ಬಳಕೆಯ ಸೂಚನೆಗಳಿಗೆ. ಹೊರಗಿನಿಂದ ಬಂದ ಯಂತ್ರ ಆ ಮಾತಿಗೆ ಕಿವಿಗೊಡಬೇಕಾಗಿಲ್ಲ. ಇನ್ನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 84ನೆಯ ಕಲಮಿನ ಪ್ರಕಾರ, ಸರಿಯಾದ ಬಳಕೆಯ ಬಗ್ಗೆ ಸಾಕಷ್ಟು ಸೂಚನೆಯನ್ನಾಗಲಿ ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆಯನ್ನಾಗಲಿ ಕೊಡದ ತಯಾರಕ ಆದ ಹಾನಿಗೆ ಹೊಣೆಗಾರ. ಆದರೆ ಬಳಸುವವನೇ ಯಂತ್ರವನ್ನು ದುರುಪಯೋಗಪಡಿಸಿದ್ದರೆ, ಮಾರ್ಪಡಿಸಿದ್ದರೆ ಆ ಹೊಣೆ ನಿಲ್ಲದು. ಆದ್ದರಿಂದ ಚೀಟಿಯನ್ನು ಕಿತ್ತುಹಾಕಬೇಡಿರಿ, ಕೈಪಿಡಿಯನ್ನೂ ಬಿಲ್ಲನ್ನೂ ಜೋಪಾನವಾಗಿಡಿರಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಪಕ್ಕದ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಅದನ್ನು ಗುರುತಿಸಿದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಈ ಸೀಮೆಯ ರೈತನಿಗೆ ಅಂದು ಅದನ್ನು ಓದಲು ಬರುತ್ತಿತ್ತೆಂದು ನಂಬುವುದು ಕಷ್ಟ. ಆದರೆ ಆ ಸಾಮ್ರಾಟನ ಕೆಲವು ಶಾಸನಗಳಲ್ಲಿ ಅವನ್ನು ಜನರಿಗೆ ಓದಿ ಕೇಳಿಸಬೇಕೆಂಬ ಆಜ್ಞೆಯೂ ಸೇರಿದೆ. ಬರೆದರೆ ಸಾಲದು, ಯಾರಾದರೂ ಓದಿ ಹೇಳಬೇಕೆಂಬುದು ಎರಡು ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಆ ಸಂಜೆ ಪಡಸಾಲೆಯಲ್ಲಿ ನಾವೂ ಅದನ್ನೇ ಮಾಡಿದೆವು. ಹುಡುಗಿ ಓದಿದಳು, ನಾವು ಕನ್ನಡಕ್ಕೆ ತಂದೆವು, ಸೊಸೆ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು.

ಬರೆಯುತ್ತಿದ್ದಾಗ ಹಿರಿಯರು ಥಟ್ಟನೆ ಒಂದು ಮಾತು ಹೇಳಿದರು: “ಇದು ನಮ್ಮ ಗಣಿಯ ಬೆಲ್ಟೇ ಅಲ್ಲೇನ್ರಿ! ಅದಿರು ಒಯ್ಯೋ ಬೆಲ್ಟಿನ ಕಡೀ ಉರುಳಿ ಹತ್ರ ನಾವು ಯಾರನ್ನೂ ಬಿಡ್ತಿದ್ದಿಲ್ಲ. ಜಾಳಿಗಿ ಹಾಕಿರ್ತಿದ್ವಿ. ಮನ್ಯಾಗ ಅದನ್ನ ಇಟ್ಕೊಂಡು ಮ್ಯಾಲ ನಿಂತು ನಡದೆ, ತಿಳೀಲೇ ಇಲ್ಲ.” ನಾವು ಓದಿ ವಿವರಿಸಬೇಕೆಂದಿದ್ದ ಅರ್ಧ ಭಾಗವನ್ನು ಅವರ ಅನುಭವವೇ ಹೇಳಿಬಿಟ್ಟಿತು. ಪಟ್ಟಿ ಉರುಳೆಯ ಮೇಲೆ ಸುತ್ತಿ ಕೆಳಕ್ಕೆ ಹೋಗುವ ಆ ಅಂಚೇ ಎಲ್ಲವನ್ನೂ ಒಳಕ್ಕೆ ಎಳೆಯುವ ಬಾಯಿ. ಹಿಂದೆ ಗೋಡೆಯಿದ್ದರೆ ಬಿದ್ದ ಮನುಷ್ಯ ಗೋಡೆಗೂ ಓಡುವ ಪಟ್ಟಿಗೂ ನಡುವೆ ಸಿಕ್ಕಿ ಚರ್ಮ ಸುಲಿಸಿಕೊಳ್ಳುತ್ತಾನೆ. ಅದಕ್ಕಾಗಿಯೇ ಹಿಂಬದಿಗೆ ಎರಡು ಮೀಟರ್, ಅಂದರೆ ಆರೂವರೆ ಅಡಿ, ಅಕ್ಕಪಕ್ಕಕ್ಕೆ ಅರ್ಧರ್ಧ ಮೀಟರ್ ಬಯಲು ಬಿಡಬೇಕೆಂದು ಕೈಪಿಡಿಗಳು ಹೇಳುವುದು.

ಎರಡನೆಯದು ಕೀಲಿ. ಈ ಯಂತ್ರಕ್ಕೆ ಒಂದು ದಾರವುಳ್ಳ ಪುಟ್ಟ ಕೀಲಿ ಇರುತ್ತದೆ. ದಾರದ ತುದಿಯ ಚಿಮಟಿಯನ್ನು ನಡೆಯುವವರು ಅಂಗಿಗೆ ಸಿಕ್ಕಿಸಿಕೊಳ್ಳಬೇಕು. ಜಾರಿ ಹಿಂದೆ ಸರಿದರೆ ದಾರ ಕೀಲಿಯನ್ನು ಕಿತ್ತು ಯಂತ್ರ ನಿಲ್ಲುತ್ತದೆ. ಈ ಮನೆಯಲ್ಲಿ ಆ ಚಿಮಟಿ ಎಂದೂ ಅಂಗಿಯನ್ನು ಕಂಡಿರಲಿಲ್ಲ, ಕೀಲಿ ಹಗಲಿರುಳೂ ಯಂತ್ರದಲ್ಲೇ ಇರುತ್ತಿತ್ತು. ಕೀಲಿಯಿಲ್ಲದಿದ್ದರೆ ಮಗು ಯಾವ ಗುಂಡಿ ಒತ್ತಿದರೂ ಪಟ್ಟಿ ಕದಲದು. ನಡೆದಾದ ಮೇಲೆ ಕೀಲಿಯನ್ನು ತೆಗೆದು ಮಗುವಿನ ಕೈಗೆ ಸಿಗದಲ್ಲಿ ಇಡಬೇಕು, ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ದಾರ ಜೋತಾಡುವಂತೆ ಬಿಡಬಾರದು. ಮೇಲೆ ಹೇಳಿದ ಫೀನಿಕ್ಸಿನ ಮಗುವನ್ನು ನೆನೆಯಿರಿ.

ದಾರವೆಂದಾಗ ನಮ್ಮ ಸಮಾಜಕ್ಕೇ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಹೇಳಬೇಕು, ಯಾವ ಕೈಪಿಡಿಯಲ್ಲೂ ಇದು ಇರಲಾರದು. ಇಷ್ಟಲಿಂಗದ ಶಿವದಾರ ಉದ್ದವಾಗಿ ಜೋತಿದ್ದರೆ ನಡೆಯುವಾಗ, ಅದಕ್ಕಿಂತ ಹೆಚ್ಚಾಗಿ ವ್ಯಾಯಾಮದ ಸೈಕಲ್ಲಿನ ಮೇಲೆ ಬಾಗಿದಾಗ, ಹಿಡಿಕೆಗೆ ಸಿಕ್ಕುವ ಸಂಭವವಿದೆ. ಲಿಂಗವನ್ನು ದೇಹದಿಂದ ಅಗಲಿಸುವ ಮಾತು ಬೇಡ. ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಂಡು ಮೇಲೆ ಬನಿಯನ್ನು ಧರಿಸಿದರಾಯಿತು. ತಾಯಂದಿರ ಸೆರಗು, ತಾಳಿಯ ಸರ, ಹುಡುಗಿಯರ ದುಪಟ್ಟಾ, ಜಡೆ, ಗಂಡಸರ ಧೋತರದ ಚುಂಗು, ಇವೆಲ್ಲಕ್ಕೂ ಇದೇ ಲೆಕ್ಕ.

ಪಾದರಕ್ಷೆಯ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಚರ್ಚೆಯೇ ಆಯಿತು. ಚೀಟಿ ಬೂಟು ಧರಿಸಲು ಹೇಳುತ್ತದೆ. ಪಡಸಾಲೆಗೆ ಹೊಂದಿಯೇ ದೇವರಮನೆ. ಅಲ್ಲಿ ಬೂಟೆಂದರೆ ಅಜ್ಜಿ ಒಪ್ಪುವವರಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿರುವುದುಂಟು, ಸಣ್ಣ ತರಚೂ ತಿಳಿಯದೆ ಹುಣ್ಣಾಗುವುದುಂಟು. ಅವರಿಗೆ ಬರಿಗಾಲು ಸಲ್ಲದು. ಹೊಸದೊಂದು ಜೊತೆ ಕ್ಯಾನ್ವಾಸ್ ಬೂಟು ತಂದು ಅದನ್ನು ಹೊರಗಿನ ಮಣ್ಣಿಗೆ ಎಂದೂ ತಾಗಿಸದೆ ಯಂತ್ರದ ಮೇಲಷ್ಟೇ ಧರಿಸುವುದೆಂದು ತೀರ್ಮಾನವಾಯಿತು. ಅಜ್ಜಿ ಒಪ್ಪಿದರು, ಪೂರ್ಣ ಮನಸ್ಸಿನಿಂದಲ್ಲ.

ವಿದ್ಯುತ್ತಿನ ವಿಷಯ ಇದಕ್ಕಿಂತ ಗಂಭೀರವಾದುದು. 2023ರ ಜುಲೈಯಲ್ಲಿ ದೆಹಲಿಯ ರೋಹಿಣಿ ಬಡಾವಣೆಯ ವ್ಯಾಯಾಮಶಾಲೆಯೊಂದರಲ್ಲಿ 24 ವರ್ಷದ ತರುಣನೊಬ್ಬ ಟ್ರೆಡ್‌ಮಿಲ್ಲಿನಿಂದ ವಿದ್ಯುತ್ ಆಘಾತವಾಗಿ ಮೃತಪಟ್ಟ. ಯಂತ್ರದ ಪ್ಲಗ್ಗಿಗೆ ಮೂರು ಕಾಲು. ದಪ್ಪನೆಯ ಮೂರನೆಯ ಕಾಲು ಯಂತ್ರದ ಲೋಹದ ಮೈಯನ್ನು ಭೂಮಿಗೆ ಜೋಡಿಸುವ ಅರ್ಥಿಂಗ್. ನಮ್ಮ ಹಳ್ಳಿಮನೆಗಳಲ್ಲಿ ಅದನ್ನು ಮುರಿದು ಎರಡು ಕಾಲಿನ ತೂತಿಗೆ ಸಿಕ್ಕಿಸುವ ಜಾಣತನ ಸರ್ವತ್ರ ಕಾಣುತ್ತದೆ. ಅರ್ಥಿಂಗ್ ತಂತಿ ಇದ್ದರೂ ಅದರ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಪ್ರಯೋಜನ ಕುಗ್ಗುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರೆರೆಯುತ್ತಿರಬೇಕು. ಈ ಮನೆಯಲ್ಲಿ ಗುಂಡಿ ಎಲ್ಲಿದೆಯೆಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ. ಹುಡುಕಿದಾಗ ತುಳಸಿಕಟ್ಟೆಯ ಹಿಂದೆ ಕಟ್ಟಿಗೆಯ ರಾಶಿಯ ಅಡಿ ಸಿಕ್ಕಿತು. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನವನ್ನು ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ಮೀಟರಿನ ಬಳಿ ಹಾಕಿಸಿಕೊಂಡರೆ ಇಡೀ ಮನೆಗೆ ರಕ್ಷೆ. ಯಂತ್ರವನ್ನು ಮುಟ್ಟಿದಾಗ ಜುಮ್ಮೆಂದರೆ ಅದನ್ನು ಚೇಷ್ಟೆಯೆಂದು ನಗಬೇಡಿರಿ, ಅಂದೇ ನಿಲ್ಲಿಸಿರಿ.

ಚೀಟಿಯ ಇನ್ನೊಂದು ಸಾಲು ವೈದ್ಯರನ್ನು ಕೇಳದೆ ವ್ಯಾಯಾಮ ಆರಂಭಿಸಬೇಡಿ ಎಂಬುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡ ಮೇಲೆ ವ್ಯಾಯಾಮವೇ ಮೃತ್ಯುವೆಂಬ ಭೀತಿ ನಾಡಿನಲ್ಲಿ ಹಬ್ಬಿತು. ಆ ಭೀತಿ ಅತಿಯಾಯಿತು. ಆದರೆ ಎದೆನೋವು, ತಲೆಸುತ್ತು, ಉಸಿರುಕಟ್ಟುವಿಕೆ ಕಂಡೊಡನೆ ನಿಲ್ಲಬೇಕೆಂಬ ಸೂಚನೆ ಅತಿಯಲ್ಲ. ಹಿಡಿಕೆಯ ಮೇಲಿನ ನಾಡಿಮಾಪಕ ತಪ್ಪು ತೋರಿಸಬಹುದೆಂದು ಚೀಟಿಯೇ ಒಪ್ಪಿಕೊಂಡಿರುತ್ತದೆ. ಅದನ್ನು ವೈದ್ಯನ ಸ್ಥಾನದಲ್ಲಿ ಕೂರಿಸಬಾರದು.

ನಮಗೆ ಪರಿಚಿತವಾದ ಒಂದು ಪ್ರಸಾದ ನಿಲಯಕ್ಕೆ ಭಕ್ತರೊಬ್ಬರು ಇಂಥದೇ ಯಂತ್ರವನ್ನು ದಾಸೋಹಭಾವದಿಂದ ಕೊಟ್ಟರು. ಅರವತ್ತು ಹುಡುಗರು ಸರದಿಯಲ್ಲಿ ಓಡಿದರು. ಎರಡು ತಿಂಗಳಲ್ಲಿ ಪಟ್ಟಿ ಹರಿದು ಒಬ್ಬನ ಮೊಣಕೈ ಮುರಿಯಿತು. ಐಎಸ್‌ಒ 20957 ಎಂಬ ಅಂತರರಾಷ್ಟ್ರೀಯ ಮಾನಕ ಮನೆಯ ಯಂತ್ರವನ್ನು ‘ಎಚ್’ ವರ್ಗವೆಂದೂ ವ್ಯಾಯಾಮಶಾಲೆಯ ಯಂತ್ರವನ್ನು ‘ಎಸ್’ ವರ್ಗವೆಂದೂ ಬೇರ್ಪಡಿಸುತ್ತದೆ. ಕೊಟ್ಟ ಯಂತ್ರದ ಮೇಲೆ ‘ಎಚ್’ ಎಂಬ ಅಕ್ಷರ ಇತ್ತು. ದಾನಿಗಳೂ ನೋಡಲಿಲ್ಲ, ನಿಲಯದವರೂ ನೋಡಲಿಲ್ಲ. ಅದೇ ಚೀಟಿಯಲ್ಲಿ ಬಳಸುವವರ ಗರಿಷ್ಠ ತೂಕವೂ ನಮೂದಾಗಿರುತ್ತದೆ. ಅದು ಸಂಕೋಚಪಡುವ ವಿಷಯವಲ್ಲ.

ಉಳಿದ ಸಾಮಾನುಗಳ ಬಗ್ಗೆ ಎರಡು ಮಾತು ಸಾಕು. ವ್ಯಾಯಾಮದ ಸೈಕಲ್ಲಿನ ಭಾರದ ಗಾಲಿ ಕಾಲು ನಿಲ್ಲಿಸಿದರೂ ಕೂಡಲೇ ನಿಲ್ಲುವುದಿಲ್ಲ, ಸರಪಳಿಯ ಕವಚವಿಲ್ಲದಿದ್ದರೆ ಮಕ್ಕಳ ಬೆರಳಿಗೆ ಕುತ್ತು. ಬಾಗಿಲ ಚೌಕಟ್ಟಿಗೆ ಬಿಗಿಯುವ ಜೋತುಬೀಳುವ ಸರಳು ಹಳೆಯ ಕಟ್ಟಿಗೆಯ ಚೌಕಟ್ಟಿನಲ್ಲಿ ನಿಲ್ಲುವುದೋ ಇಲ್ಲವೋ ಮೊದಲು ಪರೀಕ್ಷಿಸಬೇಕು. ಬಿರುಕು ಬಿಟ್ಟ ರಬ್ಬರ್ ಪಟ್ಟಿಯನ್ನು ಎಳೆಯಬೇಡಿರಿ, ಹರಿದರೆ ಅದು ಬಡಿಯುವುದು ಕಣ್ಣಿಗೆ. ಗರಡಿಮನೆಯಲ್ಲಿ ಚೀಟಿ ಇರಲಿಲ್ಲ, ಉಸ್ತಾದರ ಕಣ್ಣಿತ್ತು. ಅವರ ಅಪ್ಪಣೆಯಿಲ್ಲದೆ ಹುಡುಗರು ಗುಂಡನ್ನು ಮುಟ್ಟುತ್ತಿರಲಿಲ್ಲ. ಮನೆಗೆ ಬಂದ ಯಂತ್ರದ ಜೊತೆ ಉಸ್ತಾದರು ಬರುವುದಿಲ್ಲ.

ಎಲ್ಲ ಎಚ್ಚರವಿದ್ದೂ ಮಗುವಿನ ಕೈ ಸಿಕ್ಕಿದರೆ? ಕೈ ಹಿಡಿದು ಎಳೆಯಬಾರದು. ಮೊದಲು ಕೀಲಿ ಕೀಳಬೇಕು, ಗೋಡೆಯ ಗುಂಡಿ ಆರಿಸಬೇಕು. ಉಜ್ಜಿ ಸುಟ್ಟ ಗಾಯ ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ ಆಳವಾಗಿರುತ್ತದೆ, ಬೆರಳು ಸೆಟೆಯುವ ಭಯವಿರುತ್ತದೆ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಟ್ಟು, ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ. ಅರಿಶಿನ, ಹಲ್ಲುಜ್ಜುವ ಪೇಸ್ಟು, ಮಸಿ ಯಾವುದೂ ಬೇಡ. ವಿಭೂತಿಯೂ ಗಾಯಕ್ಕೆ ಬೇಡ, ಅದು ಹಣೆಗೆ.

ಹದಿನೈದು ದಿನಗಳ ಮೇಲೆ ಹಿರಿಯರು ದೂರವಾಣಿ ಮಾಡಿದ್ದರು. ಯಂತ್ರ ಈಗ ಪಡಸಾಲೆ ಬಿಟ್ಟು ಕಾಳು ಇಡುತ್ತಿದ್ದ ಕೋಣೆಗೆ ಹೋಗಿದೆ, ಕೋಣೆಗೆ ಚಿಲಕವಿದೆ, ಹಿಂದೆ ಏಳು ಅಡಿ ಬಯಲಿದೆ. ರಟ್ಟನ್ನು ಯಂತ್ರದ ಎದುರಿನ ಗೋಡೆಗೆ ಬಡಿದಿದ್ದಾರೆ. ಅರ್ಥಿಂಗ್ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕುವುದು ಅಜ್ಜಿಯ ಪಾಲಿನ ಕೆಲಸವಾಗಿದೆ. ಕೀಲಿ ಅವರ ಟೊಪ್ಪಿಗೆ ತೂಗುಹಾಕುವ ಎತ್ತರದ ಮೊಳೆಯಲ್ಲಿದೆಯಂತೆ. ಟವೆಲ್ಲು ಒಣಗಿಸಲು ಮಾತ್ರ ಮನೆಯಲ್ಲಿ ಈಗ ಜಾಗವಿಲ್ಲವೆಂದು ಸೊಸೆ ಹಿಂದಿನಿಂದ ಕೂಗಿ ಹೇಳಿದ್ದು ನಮಗೂ ಕೇಳಿಸಿತು.